ಕುರಿಯ ಬೆಲೆ ಕಣ್ಣಳತೆಗೆ ಬಿದ್ದದ್ದು ಹೇಗೆ

ದಾವಣಗೆರೆಯ ಎಪಿಎಂಸಿ ಪ್ರಾಂಗಣಕ್ಕೆ ಬಂದ ಮೆಕ್ಕೆಜೋಳದ ರಾಶಿಗೆ ಲಾಟ್ ನಂಬರ್ ಬೀಳುತ್ತದೆ. ಖರೀದಿದಾರರು ಕಂಪ್ಯೂಟರಿನಲ್ಲಿ ಟೆಂಡರ್ ಹಾಕುತ್ತಾರೆ, ಹೆಚ್ಚು ದರ ಬರೆದವರ ಹೆಸರಿಗೆ ಮಾಲು ಬಿದ್ದ ಮೇಲೆ ಚೀಲಗಳು ಕಾಟಾ ಏರುತ್ತವೆ. 2014ರಲ್ಲಿ ರಾಜ್ಯ ಸರ್ಕಾರ ಏಕೀಕೃತ ಮಾರುಕಟ್ಟೆ ವೇದಿಕೆ ಶುರುಮಾಡಿದ ಮೇಲೆ ಬೇರುಬಿಟ್ಟ ಕ್ರಮ ಇದು. ಅದೇ ರೈತ ಮನೆಯಲ್ಲಿ ಸಾಕಿದ ನಾಲ್ಕು ಮರಿ ಹೊಡೆದುಕೊಂಡು ಕುರಿ ಸಂತೆಗೆ ಹೋದರೆ ಅಲ್ಲಿ ಲಾಟೂ ಇಲ್ಲ, ಟೆಂಡರೂ ಇಲ್ಲ, ಕಾಟಾವೂ ಇಲ್ಲ. ದಾವಣಗೆರೆ, ಹರಿಹರದ ಆಸುಪಾಸಿನ ಸಂತೆಯಾಗಲಿ, ಹೊಳೆಯಾಚೆಯ ರಾಣೆಬೆನ್ನೂರಾಗಲಿ, ಕುರಿಗೆ ಬೆಲೆ ಕಟ್ಟುವುದು ಕಣ್ಣು ಮತ್ತು ಕೈ. ಲೆಕ್ಕ ತಲೆಗಿಷ್ಟು, ಇಲ್ಲವೇ ಜೋಡಿಗಿಷ್ಟು. ಹಳ್ಳಿಗರ ಅಜ್ಞಾನದಿಂದ ಇದು ಹೀಗೆ ಉಳಿಯಿತು ಎನ್ನುವವರಿದ್ದಾರೆ. ಆ ಮಾತು ತಪ್ಪು. ಕಣ್ಣಳತೆ ಒಂದು ಕಾಲಕ್ಕೆ ಅತ್ಯಂತ ತರ್ಕಬದ್ಧವಾದ ವ್ಯವಸ್ಥೆಯಾಗಿತ್ತು. ಆದರೆ ಅದು ನಿಂತಿದ್ದ ನೆಲ ಕುಸಿದು ಬಹಳ ವರ್ಷಗಳಾಗಿವೆ. ಕುಸಿದದ್ದರ ನಷ್ಟವನ್ನು ಒಂದೇ ಪಕ್ಷ, ಸಾಕಿದವರ ಪಕ್ಷ, ಹೊರುತ್ತಿದೆ ಎಂಬುದು ನನ್ನ ವಾದ.

ದಾವಣಗೆರೆ ಊರಾಗಿ ಬೆಳೆದದ್ದೇ ವ್ಯಾಪಾರದಿಂದ. ಬೇತೂರಿನ ಪಕ್ಕದ ಸಣ್ಣ ಹಳ್ಳಿಯಾಗಿದ್ದ ಇದನ್ನು ಹೈದರಾಲಿ ಅಪೋಜಿರಾಮ್ ಎಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟ. ಆತ ವರ್ತಕರನ್ನು ಕರೆಸಿ ನೆಲೆಗೊಳಿಸಿದ. 1801ರಲ್ಲಿ ಈ ಸೀಮೆಯನ್ನು ಹಾದುಹೋದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಕುರುಬರ ಕಂಬಳಿ ನೇಯ್ಗೆಯನ್ನು ದಾಖಲಿಸಿದ್ದಾನೆ. ಹತ್ತಿ ಗಿರಣಿಗಳು ಬಂದು ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುವುದಕ್ಕೆ ಮೊದಲೇ ಇದು ಉಣ್ಣೆಯ ಊರು. ಆ ಕಾಲದ ಕುರಿಯನ್ನು ಇವತ್ತಿನ ಕಣ್ಣಿನಿಂದ ನೋಡಬಾರದು. ದಖ್ಖನಿ ಮತ್ತು ಬಳ್ಳಾರಿ ತಳಿಯ ಕುರಿ ಕೊಡುತ್ತಿದ್ದದ್ದು ವರ್ಷಕ್ಕೆ ಒಂದು ಕಿಲೋಗೂ ಕಡಿಮೆ ಉಣ್ಣೆ, ಅದೂ ಒರಟು. ಆದರೆ ವರ್ಷಕ್ಕೆ ಎರಡು ಸಲ ಕತ್ತರಿಸಿದ ಆ ಒರಟು ಉಣ್ಣೆಯೇ ಮಳೆ, ಚಳಿ ತಡೆಯುವ ಕಂಬಳಿಯಾಗುತ್ತಿತ್ತು, ಕುರುಬರ ಮನೆಯ ಮಗ್ಗ ನಡೆಸುತ್ತಿತ್ತು. ಕುರಿ ಕಡಿಯುವುದೆಂದರೆ ಆ ವರುಮಾನಕ್ಕೆ ಕೊಡಲಿ ಹಾಕಿದಂತೆ. ಕಡಿಯಲು ಹೋಗುತ್ತಿದ್ದವು ಹೆಚ್ಚಾದ ಗಂಡುಮರಿಗಳು, ಮುದಿಯಾದವು, ಹರಕೆಯವು.

ಉಣ್ಣೆಯಷ್ಟೇ ದೊಡ್ಡದು ಗೊಬ್ಬರ. ಜಗಳೂರು, ಚಳ್ಳಕೆರೆ ಕಡೆಯ ಬೆದ್ದಲು ಸೀಮೆಯಲ್ಲಿ ಮೇವು ಮುಗಿದಾಗ ಹಿಂಡುಗಳು ಪಡುವಣಕ್ಕೆ ಇಳಿಯುತ್ತವೆ. ಭದ್ರಾ ನಾಲೆ ಬಂದ ಮೇಲೆ ದಾವಣಗೆರೆ, ಹರಿಹರದ ಗದ್ದೆಬಯಲು ಅವುಗಳ ದೊಡ್ಡ ತಂಗುದಾಣವಾಯಿತು. ಭತ್ತ ಕೊಯ್ದ ಗದ್ದೆಯಲ್ಲಿ ಹಗಲು ಕೂಳೆ ಮೇಯುವುದು, ರಾತ್ರಿ ಅಲ್ಲೇ ಬಲೆ ಕಟ್ಟಿ ಮಂದೆ ತರುಬುವುದು. ರಾತ್ರಿಗಿಷ್ಟು ಎಂದು ರೈತ ದವಸವನ್ನೋ ದುಡ್ಡನ್ನೋ ಕೊಡುತ್ತಾನೆ. ಹೀಗೆ ಒಂದು ಕುರಿಯ ಬೆಲೆಯೊಳಗೆ ಉಣ್ಣೆ, ಗೊಬ್ಬರ, ಮುಂದೆ ಹುಟ್ಟುವ ಮರಿ, ಕೊನೆಗೆ ಮಾಂಸ ಎಲ್ಲವೂ ಸೇರಿದ್ದವು. ಇವುಗಳಲ್ಲಿ ತಕ್ಕಡಿ ಅಳೆಯಬಲ್ಲದ್ದು ಕೊನೆಯದೊಂದನ್ನೇ. ನಡೆದು ನೂರಾರು ಮೈಲಿ ತಡೆಯುವ ಕಾಲು, ಬರದಲ್ಲೂ ಹಾಲಿಳಿಸುವ ಕೆಚ್ಚಲು, ಉಣ್ಣೆಯ ಒತ್ತು ಇವನ್ನು ಯಾವ ಕಾಟಾ ತೋರಿಸೀತು? ಕೊಳ್ಳುವವನೂ ಮಾರುವವನೂ ಇಬ್ಬರೂ ಕುರಿ ಬಲ್ಲವರು. ಇಬ್ಬರ ಕಣ್ಣೂ ಒಂದೇ ಗರಡಿಯಲ್ಲಿ ಪಳಗಿದ್ದು. ಕಣ್ಣಳತೆಯ ಬೆಲೆ ನ್ಯಾಯವಾಗಿತ್ತು ಎಂದು ಹೇಳಲು ನನಗಿರುವ ಮುಖ್ಯ ಆಧಾರ ಈ ಸಮಬಲ.

ಸಮಬಲ ತಪ್ಪಿದ್ದು ನಿಧಾನವಾಗಿ. 1868ರಲ್ಲಿ ಹರಿಹರದ ಬಳಿ ತುಂಗಭದ್ರೆಗೆ ಸೇತುವೆಯಾಯಿತು, ಅದೇ ಶತಮಾನ ಮುಗಿಯುವುದರೊಳಗೆ ಬೆಂಗಳೂರಿನಿಂದ ರೈಲೂ ಬಂತು. ಧಾರವಾಡ ಸೀಮೆಯ ಸರಕು ಈಚೆಗೆ, ಮೈಸೂರು ಸೀಮೆಯದು ಆಚೆಗೆ ಹರಿಯತೊಡಗಿತು. ಆಮೇಲಿನ ಲಾರಿಗಳ ಕಾಲದಲ್ಲಿ ದೂರದ ಪೇಟೆಯ ಮಾಂಸದ ಬೇಡಿಕೆ ನೇರ ಹಳ್ಳಿಯ ಹಟ್ಟಿಗೇ ಬಂದು ನಿಂತಿತು. ಇತ್ತ ಗಿರಣಿಯ ರಗ್ಗು, ಸಿಂಥೆಟಿಕ್ ಚಾದರ, ಪ್ಲಾಸ್ಟಿಕ್ ಹೊದಿಕೆಗಳು ಕಂಬಳಿಯ ಜಾಗ ಹಿಡಿದವು. ಇವತ್ತು ಎಷ್ಟೋ ಕಡೆ ಉಣ್ಣೆ ಕತ್ತರಿಸುವ ಕೂಲಿಯೇ ಉಣ್ಣೆ ತರುವ ದುಡ್ಡಿಗಿಂತ ಹೆಚ್ಚು. ರಸಗೊಬ್ಬರ, ಎರಡನೇ ಬೆಳೆ, ಅಡಿಕೆ ತೋಟಗಳ ನಡುವೆ ಮಂದೆ ತರುಬಲು ಸಿಗುವ ಬಯಲೂ ಕಿರಿದಾಗಿದೆ. ಆದರೂ ಕುರಿ ಕಡಿಮೆಯಾಗಿಲ್ಲ. 2012ರ ಜಾನುವಾರು ಗಣತಿಯಲ್ಲಿ ಸುಮಾರು 96 ಲಕ್ಷ ಇದ್ದ ಕರ್ನಾಟಕದ ಕುರಿಗಳು 2019ಕ್ಕೆ 1.11 ಕೋಟಿಯಾದವು, ತೆಲಂಗಾಣ, ಆಂಧ್ರದ ನಂತರದ ಮೂರನೇ ಸ್ಥಾನ ನಮ್ಮದು. ಉಣ್ಣೆ ಸತ್ತ ಮೇಲೂ ಕುರಿ ಹೆಚ್ಚಿತೆಂದರೆ ಅದರ ಅರ್ಥ ಸ್ಪಷ್ಟ: ಸಂತೆಗೆ ಬರುವ ಮರಿ ಈಗ ಮಾಂಸಕ್ಕಾಗಿಯೇ ಬರುತ್ತದೆ. ತಕ್ಕಡಿ ಅಳೆಯಬಲ್ಲ ಆ ಒಂದೇ ಗುಣ ಬೆಲೆಯ ಬಹುಪಾಲನ್ನು ಆಳುವಾಗ ತಕ್ಕಡಿ ಮಾತ್ರ ಸಂತೆಯಿಂದ ಹೊರಗಿದೆ.

ವ್ಯಾಪಾರ ನಡೆಯುವ ಬಗೆಯನ್ನು ಹತ್ತಿರದಿಂದ ನೋಡಬೇಕು. ಕೊಳ್ಳುವವನು ಮರಿಯ ಬೆನ್ನ ಹುರಿಯ ಮೇಲೆ ಕೈಯಾಡಿಸುತ್ತಾನೆ, ಪಕ್ಕೆಲುಬು ಮುಗಿಯುವಲ್ಲಿ ಸೊಂಟವನ್ನು ಹೆಬ್ಬೆರಳಿನಿಂದ ಅದುಮುತ್ತಾನೆ. ಮೂಳೆ ಚುಚ್ಚಿದರೆ ಬಡಕಲು, ಬೆರಳು ಮೆತ್ತಗೆ ಇಳಿದರೆ ಮೈತುಂಬಿದೆ. ಬಾಲದ ಬುಡ ಹಿಡಿದು ಕೊಬ್ಬು ನೋಡುತ್ತಾನೆ, ತುಟಿ ಸರಿಸಿ ಹಾಲುಹಲ್ಲೋ ಎರಡು ಹಲ್ಲೋ ಎಂದು ಎಣಿಸುತ್ತಾನೆ, ಕೊನೆಗೆ ಹೊಟ್ಟೆಗೆ ಕೈಕೊಟ್ಟು ನೆಲ ಬಿಡುವಷ್ಟು ಎತ್ತುತ್ತಾನೆ. ಆ ಎತ್ತುವಿಕೆಯಲ್ಲಿ ಅವನ ಮನಸ್ಸಿಗೆ ಒಂದು ಅಂಕಿ ಬಂದಾಗಿರುತ್ತದೆ: ಇದರಲ್ಲಿ ಇಷ್ಟು ಕಿಲೋ ಮಾಂಸ. ಆಮೇಲಿನ ಮಾತುಕತೆ ದಲ್ಲಾಳಿಯ ಕೈಗೆ. ಅಲ್ಲಲ್ಲಿ ಈಗಲೂ ಟವೆಲಿನ ಅಡಿಯಲ್ಲಿ ಬೆರಳು ಹಿಡಿದು ದರ ಹೇಳುವುದುಂಟು. ಒಂದು ಬೆರಳಿಗೆ ಒಂದು, ಐದೂ ಕೂಡಿಸಿ ಹಿಡಿದರೆ ಐದು. ಪಕ್ಕದಲ್ಲಿ ನಿಂತವನಿಗೆ ಮರಿ ಎಷ್ಟಕ್ಕೆ ಹೋಯಿತೆಂದು ತಿಳಿಯುವುದಿಲ್ಲ. ಮೆಕ್ಕೆಜೋಳದವನಿಗೆ ಪಕ್ಕದ ರಾಶಿಯ ದರ ಗೊತ್ತು, ಕುರಿಯವನಿಗೆ ಪಕ್ಕದ ಮರಿಯ ದರ ಗೊತ್ತಿಲ್ಲ.

ಕೈಚಳಕದ ವಿಷಯದಲ್ಲಿ ಕೊಳ್ಳುವವನೂ ಮಾರುವವನೂ ಸಮ ಎಂದು ತೋರುತ್ತದೆ. ಆದರೆ ಕಟುಕ ಸಂತೆಯಲ್ಲಿ ಹಾಕಿದ ಅಂದಾಜನ್ನು ಮರುದಿನ ಬೆಳಿಗ್ಗೆ ತನ್ನ ಅಂಗಡಿಯ ತಕ್ಕಡಿಯಲ್ಲೇ ಒರೆಗೆ ಹಚ್ಚುತ್ತಾನೆ. ಹನ್ನೆರಡು ಕಿಲೋ ಅಂದುಕೊಂಡದ್ದು ಹನ್ನೊಂದು ಬಂದರೆ ಮುಂದಿನ ವಾರ ಅವನ ಕೈ ತಿದ್ದಿಕೊಳ್ಳುತ್ತದೆ. ಸಾಕಿದವನಿಗೆ ಆ ಪಾಠ ಎಂದೂ ಸಿಗುವುದಿಲ್ಲ; ಮರಿ ಲಾರಿ ಹತ್ತಿದ ಮೇಲೆ ಅದರಲ್ಲಿ ಎಷ್ಟು ಮಾಂಸವಿತ್ತೆಂದು ಅವನಿಗೆ ಹೇಳುವವರಿಲ್ಲ. ಮಾಂಸ ಕಿಲೋಗೆ 700 ರೂಪಾಯಿ ಎಂದೇ ಇಟ್ಟುಕೊಳ್ಳೋಣ. ಜೀವಂತ ತೂಕದ ಅರ್ಧಕ್ಕೆ ತುಸು ಕಡಿಮೆ ಮಾಂಸ ಬರುತ್ತದೆ ಎಂಬ ಸಾಮಾನ್ಯ ಲೆಕ್ಕದಲ್ಲಿ 25 ಕಿಲೋ ಮರಿಯಲ್ಲಿ 11-12 ಕಿಲೋ. ಅಂದಾಜಿನಲ್ಲಿ ಒಂದು ಕಿಲೋ ಮಾಂಸ ಜಾರಿದರೆ ಒಂದು ಮರಿಗೆ 700 ರೂಪಾಯಿ ಹೋಯಿತು. ನೂರು ಕುರಿಯ ಹಿಂಡು ಕಾದವನಿಗೆ ಇದು ಒಂದರಲ್ಲಿ ಹೋದರೆ ಇನ್ನೊಂದರಲ್ಲಿ ಬಂದೀತು. ಕೊಟ್ಟಿಗೆಯಲ್ಲಿ ಐದಾರು ಮರಿ ಕಟ್ಟಿ ಮೇಯಿಸಿ ವರ್ಷಕ್ಕೆ ಒಂದೆರಡು ಬಾರಿ ಮಾತ್ರ ಸಂತೆಗೆ ಬರುವ ಹೆಣ್ಣುಮಗಳಿಗೆ ಬರುವುದಿಲ್ಲ. ಕುರಿ ಸಾಕಣೆ ಈಗ ಕುಲಕಸುಬು ದಾಟಿ ಇಂಥವರ ಕೈಗೂ ಬಂದಿದೆ.

ಹಾಗಾದರೆ ಸಂತೆಗೂ ಕಾಟಾ ಬರಲಿ ಎಂದರೆ ಎದುರಾಗುವ ಮೊದಲ ಆಕ್ಷೇಪ ತೂಕದಲ್ಲೂ ಮೋಸವಿದೆ ಎಂಬುದು. ಉಪ್ಪು ನೆಕ್ಕಿಸಿ ನೀರು ಕುಡಿಸಿದರೆ ಕಾಟಾದ ಮೇಲೆ ಮರಿ ಭಾರವಾಗುತ್ತದೆ ಎನ್ನುತ್ತಾರೆ. ನಿಜ. ಆದರೆ ಉಬ್ಬಿದ ಹೊಟ್ಟೆ ಕಣ್ಣನ್ನೂ ವಂಚಿಸುತ್ತದೆ. ಕಾಟಾದ ಪಕ್ಕ ಕೈಯಿಟ್ಟು ನೋಡುವುದನ್ನು ಯಾರೂ ತಡೆಯುವುದಿಲ್ಲ. ಬ್ರಿಟನ್ ಸಂಸತ್ತು 1887ರಲ್ಲಿ ಮಾಡಿದ ಕಾಯ್ದೆಯನ್ನು ಇಲ್ಲಿ ನೆನೆಯಬೇಕು. ಜಾನುವಾರು ಸಂತೆ ನಡೆಸುವವರು ತೂಕದ ಯಂತ್ರ ಇಡಲೇಬೇಕು ಎಂದಿತು ಅದು. ತೂಕದ ಮೇಲೆಯೇ ಮಾರಬೇಕು ಎನ್ನಲಿಲ್ಲ. ಅಲ್ಲಿನ ಕುರಿ ಹರಾಜಿನ ಕಟ್ಟೆಯಲ್ಲಿ ಇಂದಿಗೂ ಎಷ್ಟೋ ಮರಿಗಳು ತಲೆ ಲೆಕ್ಕದಲ್ಲೇ ಹೋಗುತ್ತವೆ, ಕೂಗು ಮಾತ್ರ ಎಲ್ಲರ ಕಿವಿಗೂ ಬೀಳುತ್ತದೆ. ನಮ್ಮ ಸಂತೆಗೂ ನಾನು ಕೇಳುವುದು ಇಷ್ಟೇ. ತೂಕ ಮೊದಲು ಸಾಕ್ಷಿಯಾಗಿ ಬರಲಿ, ಬೆಲೆ ಎಷ್ಟೆಂದು ಮಂದಿಯೇ ಹೇಳಲಿ. ಇದಕ್ಕೆ ಹೊಸ ಕಾನೂನು ಬೇಕಿಲ್ಲ. ಎಪಿಎಂಸಿ ವ್ಯವಸ್ಥೆಗೆ ಬುನಾದಿಯಾದ 1966ರ ಕಾಯ್ದೆಯಲ್ಲಿ ಬಹಿರಂಗ ಹರಾಜು, ಟೆಂಡರು ಎರಡೂ ಇವೆ. ಕುರಿ, ಮೇಕೆಯೂ ಅದರ ಪಟ್ಟಿಗೆ ಸೇರಿದವೇ.

ದಲ್ಲಾಳಿಯ ಹೊಟ್ಟೆಯ ಮೇಲೆ ಹೊಡೆಯುತ್ತೀರಿ ಎಂಬುದು ಎರಡನೆಯ ಆಕ್ಷೇಪ, ಮತ್ತು ಇದು ಹೆಚ್ಚು ತೂಕದ್ದು. ದಲ್ಲಾಳಿ ಬರೀ ಮಧ್ಯವರ್ತಿಯಲ್ಲ. ಕೊಂಡವನು ಉದ್ರಿ ಹೇಳಿದರೆ ಹಣಕ್ಕೆ ಜವಾಬು ಅವನೇ. ಬರದ ವರ್ಷ ಮುಂಗಡ ಕೊಡುವವನು, ಹಿಂಡಿಗೆ ಕಾಯಿಲೆ ಬಿದ್ದಾಗ ಸಿಕ್ಕ ಬೆಲೆಗಾದರೂ ಗಿರಾಕಿ ಹುಡುಕುವವನು ಅವನೇ. ಅವನನ್ನು ಎಬ್ಬಿಸಿ ಯಂತ್ರ ಕೂರಿಸಿದರೆ ಕುರಿಗಾಹಿಗೆ ಆ ಆಸರೆಯೂ ತಪ್ಪುತ್ತದೆ. ಇದಕ್ಕೆ ಉತ್ತರ ದಾವಣಗೆರೆಯ ಮೆಕ್ಕೆಜೋಳದ ಪ್ರಾಂಗಣದಲ್ಲೇ ಇದೆ. ಇ-ಟೆಂಡರ್ ಬಂತು, ದಲಾಲಿ ಅಂಗಡಿಗಳು ಮುಚ್ಚಲಿಲ್ಲ. ಸಾಲ, ಮುಂಗಡ, ನಂಬಿಕೆಯ ಕೆಲಸ ಅವರ ಬಳಿಯೇ ಉಳಿಯಿತು. ದರ ಮುಚ್ಚಿಡುವ ಅವಕಾಶವಷ್ಟೇ ಹೋಯಿತು. ಕುರಿ ದಲ್ಲಾಳಿಯೂ ತನ್ನ ಸೇವೆಗೆ ಕೂಲಿ ಪಡೆಯಲಿ, ಆ ಕೂಲಿ ಎಷ್ಟೆಂದು ಕೊಡುವವನಿಗೆ ಕಾಣಲಿ.

ಹಬ್ಬದ ಕುರಿಯನ್ನು ತೂಗುವುದುಂಟೇ ಎಂದು ಕೇಳುವವರೂ ಇದ್ದಾರೆ. ಎರಡು ವರ್ಷಕ್ಕೊಮ್ಮೆ ನಡೆಯುವ ದಾವಣಗೆರೆಯ ದುಗ್ಗಮ್ಮನ ಜಾತ್ರೆಗೆ ಊರಿಗೆ ಊರೇ ನೆಂಟರನ್ನು ಕರೆದು ಬಾಡೂಟ ಹಾಕುತ್ತದೆ. ಆ ವಾರಗಳಲ್ಲಿ ಕುರಿಯ ಬೆಲೆ ಎಲ್ಲಿಗೆ ಏರಿದರೂ ಕೊಳ್ಳುವವರು ಹಿಂಜರಿಯುವುದಿಲ್ಲ. ಬಕ್ರೀದಿನ ಟಗರಿಗೆ ಕೊಂಬು, ಮೈಕಟ್ಟು, ಅಂಗದಲ್ಲಿ ಊನವಿಲ್ಲದಿರುವುದು ಮುಖ್ಯ. ಕಾಳಗದ ಟಗರಿಗೆ ಅದರ ಗತ್ತೇ ಬೆಲೆ. ಇವುಗಳ ಬೆಲೆಯನ್ನು ಕಿಲೋಗೆ ಇಳಿಸಲು ಹೊರಡುವುದು ಮೂರ್ಖತನ. ಆದರೆ ಜಾತ್ರೆಯ ಗಿರಾಕಿ ಹೆಚ್ಚು ಕೊಡುತ್ತಿರುವುದು ಹಬ್ಬಕ್ಕೋ ಮಾಂಸಕ್ಕೋ ಎಂದು ಸಾಕಿದವನಿಗೆ ತಿಳಿಯಬೇಕಾದರೂ ಮರಿಯ ತೂಕ ಅವನಿಗೆ ಗೊತ್ತಿರಬೇಕು. ಗೊತ್ತಿಲ್ಲದವನು ಹಬ್ಬದ ಲಾಭವನ್ನು ನಡುವಿನವರಿಗೆ ಬಿಟ್ಟುಕೊಟ್ಟು ಬರುತ್ತಾನೆ.

ಸರ್ಕಾರದ ಲೆಕ್ಕವೂ ಇನ್ನೂ ತಲೆಯ ಲೆಕ್ಕವೇ. ಆಕಸ್ಮಿಕವಾಗಿ ಸತ್ತ ಕುರಿಗೆ ಪರಿಹಾರ ಕೊಡುವ ಅನುಗ್ರಹ ಯೋಜನೆ ಆರು ತಿಂಗಳು ದಾಟಿದ ಕುರಿಗೆ 5,000 ರೂಪಾಯಿ ಎಂದು ಶುರುವಾಯಿತು. ಮೈತುಂಬಿದ್ದಕ್ಕೂ ಬಡಕಲಿಗೂ ಒಂದೇ ಮೊತ್ತ. ಪರಿಹಾರಕ್ಕೆ ಅದು ಸರಿಯೇ, ಸತ್ತ ಕುರಿಯನ್ನು ತೂಗಿ ಕೂರಲಾಗದು. ಸಂತೆಯ ಮಾತು ಬೇರೆ. ಒಂದು ಪಂಜರದ ಕಾಟಾ, ಒಂದು ಕಪ್ಪು ಹಲಗೆ, ಮಾರಾಟವಾದ ಮರಿಯ ತೂಕ ಮತ್ತು ಬೆಲೆಯನ್ನು ಅದರ ಮೇಲೆ ಬರೆಯಲು ಒಬ್ಬ ನೌಕರ. ಸಂತೆ ಸುಂಕ ವಸೂಲು ಮಾಡುವ ಯಾವ ಸಂಸ್ಥೆಗೂ ಇದು ಹೊರೆಯಲ್ಲ.

ಹೆಣ್ಣು ಕುರಿಯನ್ನು ಮಾತ್ರ ಈ ಕಾಟಾದಿಂದ ದೂರ ಇಡಬೇಕು. ಒಂದು ಹಟ್ಟಿಯಿಂದ ಇನ್ನೊಂದು ಹಟ್ಟಿಗೆ ಹೋಗುವ ಮರಿಹಾಕುವ ಕುರಿಯ ಬೆಲೆ ಅದರ ತಾಯಿ ಎಂಥದ್ದು, ಮೊದಲ ಸೂಲಿನಲ್ಲಿ ಮರಿಯನ್ನು ಹೇಗೆ ಸಾಕಿತು, ಎಷ್ಟು ಬೇಗ ಮತ್ತೆ ಕಟ್ಟಿತು ಎಂಬುದರಲ್ಲಿದೆ. ಅಂಥ ವ್ಯಾಪಾರದಲ್ಲಿ ಇಂದಿಗೂ ಕೊಳ್ಳುವವನೂ ಕುರಿಗಾಹಿ, ಮಾರುವವನೂ ಕುರಿಗಾಹಿ. ಅಲ್ಲಿ ಹಳೆಯ ಕಣ್ಣಳತೆಯನ್ನು ಮುಟ್ಟಲು ಯಾರಿಗೂ ಕಾರಣವಿಲ್ಲ.