ಹಲ್ಲಿನೊಳಗಿನ ಚಕ್ರವ್ಯೂಹ

ಮಳೆಗಾಲದ ರಾತ್ರಿ ವಟಗುಟ್ಟುವ ಕಪ್ಪೆ ನಮ್ಮ ಅಂಗೈಯಲ್ಲಿ ಕೂರುವಷ್ಟು ಪುಟ್ಟದು. ಆದರೆ ಸುಮಾರು 24 ಕೋಟಿ ವರ್ಷಗಳ ಹಿಂದೆ, ಈಗ ಜರ್ಮನಿ ಇರುವ ಕಡೆ, ಬೇರೆಯೇ ಗಾತ್ರದ ಉಭಯಚರವೊಂದು ನೀರಿನಲ್ಲಿ ಹೊಂಚು ಹಾಕುತ್ತಿತ್ತು. ಅದರ ತಲೆಬುರುಡೆಯೊಂದೇ ಒಂದು ಮೀಟರಿಗಿಂತ ಉದ್ದ! ಬಾಯ್ತುಂಬ ಚೂಪು ಹಲ್ಲು. ಇಂತಹ ಪ್ರಾಣಿಯನ್ನು ಯಾವ ಗುಂಪಿಗೆ ಸೇರಿಸುವುದು? ಈ ಪ್ರಶ್ನೆಯ ಹಿಂದೆ ಇನ್ನೂರು ವರ್ಷಗಳ ಸ್ವಾರಸ್ಯಕರ ಕಥೆಯಿದೆ.

ಒಂದು ಪ್ರಾಣಿ, ಎರಡು ಹೆಸರು

ಜರ್ಮನಿಯ ಗೈಲ್ಡಾರ್ಫ್ ಬಳಿ ಸಿಕ್ಕ ಪಳೆಯುಳಿಕೆಗಳನ್ನು 1828ರಲ್ಲಿ ಯೇಗರ್ ಎಂಬ ವಿಜ್ಞಾನಿ ವಿವರಿಸಿದರು. ದೊಡ್ಡ ಹಲ್ಲೊಂದನ್ನು ಸರೀಸೃಪದ್ದೆಂದು ಭಾವಿಸಿ ‘ಮ್ಯಾಸ್ಟೊಡಾನ್‌ಸಾರಸ್’ ಎಂದು ಕರೆದರು. ತಲೆಬುರುಡೆಯ ಹಿಂಭಾಗದ ತುಂಡೊಂದರಲ್ಲಿ, ಕತ್ತಿಗೆ ಕೂಡುವ ಜಾಗದಲ್ಲಿ, ಎರಡು ಉಬ್ಬುಗಳಿದ್ದವು. ಸರೀಸೃಪಗಳಿಗೆ ಅಲ್ಲಿರುವುದು ಒಂದೇ ಉಬ್ಬು, ಕಪ್ಪೆಗಳಿಗೆ ಎರಡು. ಹಾಗಾಗಿ ಅದಕ್ಕೆ ಉಭಯಚರದ ಹೆಸರನ್ನೇ ಇಟ್ಟರು. ಎರಡೂ ಒಂದೇ ಬಗೆಯ ಪ್ರಾಣಿಯವು ಎಂಬುದು ಆಮೇಲೆ ತಿಳಿಯಿತು!

ಮುಂದಿನ ಹೆಜ್ಜೆ ಇಟ್ಟವರು ಇಂಗ್ಲೆಂಡಿನ ರಿಚರ್ಡ್ ಓವೆನ್. ‘ಡೈನೋಸಾರ್’ ಎಂಬ ಹೆಸರು ಕೊಟ್ಟವರೂ ಇವರೇ. 1840ರ ದಶಕದ ಆರಂಭದಲ್ಲಿ ಇಂತಹ ಹಲ್ಲನ್ನು ಅಡ್ಡಲಾಗಿ ಕತ್ತರಿಸಿ, ಬೆಳಕು ಹಾಯುವಷ್ಟು ತೆಳ್ಳಗೆ ಉಜ್ಜಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಹಲ್ಲಿನ ಹೊರಪದರ ಒಳಕ್ಕೆ ಮಡಿಚಿ ಮಡಿಚಿ, ಚಕ್ರವ್ಯೂಹದ ರಂಗೋಲಿಯಂತೆ ಕಂಡಿತು. ‘ಲ್ಯಾಬಿರಿಂಥೊಡಾನ್’ ಎಂದರು ಓವೆನ್; ಅಂದರೆ ಚಕ್ರವ್ಯೂಹದ ಹಲ್ಲಿನದು. ಮುಂದೆ ಅಂತಹ ಹಲ್ಲಿದ್ದ ಪ್ರಾಚೀನ ಉಭಯಚರಗಳೆಲ್ಲ ‘ಲ್ಯಾಬಿರಿಂಥೊಡಾಂಟ್’ ಎಂಬ ಒಂದೇ ಚಾವಣಿಯ ಕೆಳಗೆ ಬಂದವು.

ಅಂದಾಜು ತಪ್ಪಿದ್ದೂ ಉಂಟು. ಮನುಷ್ಯನ ಕೈಯನ್ನು ಹೋಲುವ ಹೆಜ್ಜೆಗುರುತುಗಳು ಜರ್ಮನಿಯ ಕಲ್ಲುಗಳಲ್ಲಿ ಸಿಕ್ಕಿದ್ದವು. ಅವು ಈ ಪ್ರಾಣಿಯವೇ ಇರಬೇಕೆಂದು ಓವೆನ್ ಊಹಿಸಿದರು. ದೈತ್ಯ ಕಪ್ಪೆ ನಡೆದುಹೋದಂತೆ ಚಿತ್ರಗಳೂ ಬಂದವು. ಆದರೆ ಅವು ಮೊಸಳೆಯ ದೂರದ ನೆಂಟನಾದ ಸರೀಸೃಪವೊಂದರ ಹೆಜ್ಜೆಗಳೆಂದು ನಂತರ ಗೊತ್ತಾಯಿತು.

ಅಜ್ಜನ ಮೂಗು

ಹಾಗಾದರೆ ‘ಲ್ಯಾಬಿರಿಂಥೊಡಾಂಟ್’ ಎಂದು ಓದಿದ್ದ ತಂದೆತಾಯಿಯರಿಗೆ, ಈಗಿನ ವರ್ಗೀಕರಣದಲ್ಲಿ ಅದು ಅಧಿಕೃತ ಗುಂಪಾಗಿ ಕಾಣುವುದಿಲ್ಲವೇಕೆ?

ಒಂದು ಮನೆಯ ಉದಾಹರಣೆ ನೋಡೋಣ. ಅಜ್ಜನ ಉದ್ದ ಮೂಗು ಮೊಮ್ಮಕ್ಕಳಿಗೆಲ್ಲ ಬಂದಿದೆ ಎನ್ನಿ. ಆ ಮೂಗನ್ನಷ್ಟೇ ನೋಡಿ ಅವರಲ್ಲಿ ಯಾರು ಯಾರ ಒಡಹುಟ್ಟು ಎಂದು ಹೇಳಬಹುದೆ? ಸಾಧ್ಯವಿಲ್ಲ. ಮಡಿಕೆಯ ಹಲ್ಲೂ ಹಾಗೆಯೇ. ಕಾಲು ಮೂಡುವ ಮೊದಲೇ ಬದುಕಿದ್ದ ಯೂಸ್ತೆನಾಪ್ಟೆರಾನ್ ಎಂಬ ಮೀನಿಗೂ ಅಂತಹ ಹಲ್ಲಿತ್ತು. ಅದು ಅಜ್ಜನಿಂದ ಬಂದ ಆಸ್ತಿ. ಉಭಯಚರಗಳ ಸ್ವಂತ ಸಂಪಾದನೆಯಲ್ಲ.

ಇನ್ನೊಂದು ತೊಡಕೂ ಇತ್ತು. ಈ ಗುಂಪಿನಲ್ಲಿದ್ದ ಕೆಲವು ಪ್ರಾಣಿಗಳ ಕವಲಿನಿಂದಲೇ ಸರೀಸೃಪ, ಹಕ್ಕಿ, ಸಸ್ತನಿಗಳು ಬಂದವು. ನಾವೂ ಬಂದೆವು. ಆದರೂ ಆ ಮಕ್ಕಳನ್ನೆಲ್ಲ ಹೊರಗಿಟ್ಟು ಗುಂಪು ಕಟ್ಟಲಾಗಿತ್ತು. ಪಡಿತರ ಚೀಟಿಯಲ್ಲಿ ಅರ್ಧ ಮನೆಯವರ ಹೆಸರು ಬಿಟ್ಟಂತೆ! ಹೋಲಿಕೆಗಿಂತ ಹುಟ್ಟಿನ ಸಂಬಂಧ ಮುಖ್ಯ ಎಂಬ ವಿಧಾನ ಬಲಗೊಂಡಾಗ ಈ ಹಳೆಯ ಚಾವಣಿ ಕುಸಿಯಿತು.

ಅದರೊಳಗಿನ ಒಂದು ಗುಂಪು ಮಾತ್ರ ಉಳಿದುಕೊಂಡಿದೆ. ಅದೇ ‘ಟೆಮ್ನೊಸ್ಪಾಂಡಿಲ್’. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಜರ್ಮನಿಯ ಜಿಟ್ಟೆಲ್ ಕೊಟ್ಟ ಈ ಹೆಸರಿಗೆ ‘ತುಂಡಾದ ಬೆನ್ನೆಲುಬು’ ಎಂದರ್ಥ. ಇವುಗಳ ಬೆನ್ನುಮೂಳೆಯ ಒಂದೊಂದು ಮಣಿಯೂ ಬೇರೆ ಬೇರೆ ತುಂಡುಗಳಿಂದ ಆಗಿರುತ್ತಿತ್ತು. ಮ್ಯಾಸ್ಟೊಡಾನ್‌ಸಾರಸ್ ಈಗ ಇರುವುದು ಈ ಗುಂಪಿನಲ್ಲೇ. ಇವುಗಳಲ್ಲಿ ಕೊನೆಯದಾಗಿ ಉಳಿದವುಗಳಲ್ಲಿ ಒಂದು ಆಸ್ಟ್ರೇಲಿಯಾದ ಕೂಲಸೂಕಸ್. ಸುಮಾರು 12 ಕೋಟಿ ವರ್ಷಗಳ ಹಿಂದೆ ಅದು ಡೈನೋಸಾರ್‌ಗಳ ನೆರೆಯಲ್ಲಿ ಬದುಕಿತ್ತು.

ನಮ್ಮ ನೆಲದಲ್ಲೂ

ಇದೆಲ್ಲ ಪರದೇಶದ ಸಂಗತಿ ಎಂದುಕೊಳ್ಳಬೇಡಿ. ಮಧ್ಯಭಾರತದ ಮಾಂಗಲಿಯಲ್ಲಿ ಸಿಕ್ಕ ಬುರುಡೆಯೊಂದನ್ನು ಇದೇ ಓವೆನ್ 1855ರಲ್ಲಿ ವಿವರಿಸಿ ‘ಬ್ರಾಕಿಯಾಪ್ಸ್’ ಎಂದು ಹೆಸರಿಟ್ಟರು. ಗೋದಾವರಿ ಕಣಿವೆಯ ಮಲೇರಿ ಶಿಲಾಸ್ತರದ ಇನ್ನೊಂದು ಉಭಯಚರವನ್ನು 1965ರಲ್ಲಿ ರಾಯ್ ಚೌಧರಿ ಅವರು ಯೂರೋಪಿನ ‘ಮೆಟೊಪೊಸಾರಸ್’ ಕುಲಕ್ಕೆ ಸೇರಿಸಿದರು. ಅರ್ಧ ಶತಮಾನ ಕಳೆದ ಮೇಲೆ ಭಾರತೀಯ ವಿಜ್ಞಾನಿಗಳೇ ಬುರುಡೆಯ ಮೂಳೆಗಳನ್ನು ಮತ್ತೆ ಅಳೆದು ನೋಡಿ, ಅದಕ್ಕೆ ‘ಪಾಂಥಾಸಾರಸ್’ ಎಂಬ ಪ್ರತ್ಯೇಕ ಕುಲವನ್ನೇ ಮಾಡಿದರು.

ಇಷ್ಟಾದರೂ ನಮ್ಮ ಕಪ್ಪೆಯ ಮುತ್ತಜ್ಜ ಯಾರು? ಟೆಮ್ನೊಸ್ಪಾಂಡಿಲ್‌ಗಳೇ ಎನ್ನುವವರು ಹೆಚ್ಚು. ಅಮೆರಿಕದ ಟೆಕ್ಸಾಸಿನಲ್ಲಿ ಸಿಕ್ಕು 2008ರಲ್ಲಿ ವರದಿಯಾದ, ಕಪ್ಪೆ ಮತ್ತು ಸಾಲಮಾಂಡರ್ ಎರಡರ ಲಕ್ಷಣವೂ ಇರುವ ಗೆರೊಬಾಟ್ರಾಕಸ್ ಈ ವಾದಕ್ಕೆ ಬಲ ಕೊಟ್ಟಿದೆ. ಮೂಲ ಬೇರೆಯೇ ಎನ್ನುವವರೂ ಇದ್ದಾರೆ. ವಾದ ಇನ್ನೂ ಮುಗಿದಿಲ್ಲ.

ಮಕ್ಕಳೇ, ಪಾಠಪುಸ್ತಕದಲ್ಲಿ ಹೆಸರು ಬದಲಾದರೆ ಬೇಸರಪಡಬೇಡಿ. ಯಾರೋ ಒಬ್ಬರು ಹಳೆಯ ಮೂಳೆಯನ್ನು ಮತ್ತೊಮ್ಮೆ ಕೈಗೆತ್ತಿಕೊಂಡಿದ್ದಾರೆ ಎಂದು ತಿಳಿಯಿರಿ. ಮುಂದಿನ ಬಾರಿ ಅದನ್ನು ಎತ್ತಿಕೊಳ್ಳುವವರು ನೀವೂ ಆಗಬಹುದು.