ಆದವಾನಿಯ ಮೇರಿ ಯಾರ ಮಗಳು?

ಕೆಲವು ವರ್ಷಗಳ ಹಿಂದೆ, ತಪಸ್ಸುಕಾಲದ ಒಂದು ಸಂಜೆ, ಆಸ್ಟ್ರೇಲಿಯಾದ ಪರ್ತ್ ನಗರದಿಂದ ನನಗೊಂದು ಇ-ಮೇಲ್ ಬಂತು. ಬರೆದವರು ಎಪ್ಪತ್ತು ದಾಟಿದ ಒಬ್ಬ ಅಜ್ಜಿ. ಗುಂತಕಲ್ಲಿನ ರೈಲ್ವೆ ಕಾಲನಿಯಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ತಂದೆತಾಯಿಯ ಜೊತೆ ದೇಶ ಬಿಟ್ಟು ಹೋದವರು. ನಾನು ಆ ಸೀಮೆಯವನೆಂದು ಯಾರಿಂದಲೋ ತಿಳಿದು ಬರೆದಿದ್ದರು.

"ಫಾದರ್, ನನ್ನ ಮುತ್ತಜ್ಜ ಐರ್ಲೆಂಡಿನವರು. ಮದರಾಸು ರೈಲ್ವೆಯಲ್ಲಿ ಹಳಿ ಕೆಲಸದ ಮೇಸ್ತ್ರಿಯಾಗಿದ್ದರಂತೆ. ಆದವಾನಿಯಲ್ಲಿ ಅವರ ಮದುವೆಯಾಯಿತೆಂದು ನಮ್ಮಜ್ಜ ಹೇಳುತ್ತಿದ್ದರು. ಕರ್ನೂಲು ಜಿಲ್ಲೆಯ ಹೆಸರಿನಲ್ಲಿ ಎರಡು ವರ್ಷದಿಂದ ಹುಡುಕುತ್ತಿದ್ದೇನೆ. ಒಂದು ಅಕ್ಷರವೂ ಸಿಕ್ಕಿಲ್ಲ. ನಮ್ಮ ಅಜ್ಜ ಸುಳ್ಳು ಹೇಳಿದರೇ?"

ಅಜ್ಜ ಸುಳ್ಳು ಹೇಳಿರಲಿಲ್ಲ. ಅಜ್ಜಿ ಹುಡುಕುತ್ತಿದ್ದ ಜಿಲ್ಲೆ ತಪ್ಪಾಗಿತ್ತು, ಅಷ್ಟೆ.

ಊರು ಅಲ್ಲೇ ಇದೆ, ಜಿಲ್ಲೆ ಬದಲಾಗಿದೆ

ಆದವಾನಿ, ಆಲೂರು ಕಡೆಯ ನಮ್ಮ ಹಿರಿಯರಿಗೆ ಈ ಸಂಗತಿ ಗೊತ್ತು, ಮಕ್ಕಳಿಗೆ ಗೊತ್ತಿರಲಾರದು. 1800ರಲ್ಲಿ ಹೈದರಾಬಾದಿನ ನಿಜಾಮರು ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟರು. ಆಗಿನಿಂದ ಆದವಾನಿ ಸೇರಿದ್ದು ಬಳ್ಳಾರಿಯ ಆಡಳಿತಕ್ಕೆ. ಕರ್ನೂಲು ಆಗಿನ್ನೂ ನವಾಬರ ಕೈಯಲ್ಲಿತ್ತು. ಕಂಪನಿ ಅದನ್ನು ವಶಪಡಿಸಿಕೊಂಡದ್ದು 1839ರಲ್ಲಿ. ಪತ್ತಿಕೊಂಡ ಬಳ್ಳಾರಿಯಿಂದ ಕರ್ನೂಲಿಗೆ ಹೋದದ್ದು 1858ರಲ್ಲಿ. ಆದವಾನಿ ಮತ್ತು ಆಲೂರು ತಾಲೂಕುಗಳು ಕರ್ನೂಲು ಸೇರಿದ್ದಂತೂ 1953ರ ಅಕ್ಟೋಬರ್ 1ರಂದು, ಆಂಧ್ರ ರಾಜ್ಯ ಹುಟ್ಟಿದಾಗ. ಅದಕ್ಕೇ ಆ ಸೀಮೆಯ ಎಷ್ಟೋ ಮನೆಗಳಲ್ಲಿ ಇಂದಿಗೂ ಮನೆಮಾತು ಕನ್ನಡ, ಶಾಲೆಯ ಮಾತು ತೆಲುಗು.

ಹಾಗಾಗಿ ಮುತ್ತಜ್ಜನ ಕಾಲದ ಕಾಗದಗಳೆಲ್ಲ 'ಮದರಾಸು ಪ್ರಾಂತ್ಯ, ಬಳ್ಳಾರಿ ಜಿಲ್ಲೆ' ಎಂಬ ತಲೆಬರಹದ ಕೆಳಗೆ ಇರುತ್ತವೆ. ಊರಿನ ಹೆಸರೂ ಒಂದೇ ರೀತಿ ಇರುವುದಿಲ್ಲ. ಇಂಗ್ಲಿಷ್ ಗುಮಾಸ್ತ ಕಿವಿಗೆ ಕೇಳಿದಂತೆ ಬರೆದ: ಅಡೋನಿ, ಅಧೋನಿ, ಅದ್ವಾನಿ. ಈ ಎರಡು ವಿಷಯವನ್ನು ಅಜ್ಜಿಗೆ ಬರೆದು ಕಳಿಸಿದೆ. ಹತ್ತು ದಿನ ಕಳೆಯುವುದರೊಳಗೆ ಉತ್ತರ ಬಂತು: "ಸಿಕ್ಕರು ಫಾದರ್!"

ಮನೆಯಲ್ಲಿ ಕೂತು ಹುಡುಕುವುದು ಹೇಗೆ?

ಇಂಥ ಹುಡುಕಾಟ ಹಿಂದೆ ಲಂಡನ್ನಿಗೆ ಹೋಗಬಲ್ಲವರಿಗೆ ಮಾತ್ರ ಸಾಧ್ಯವಿತ್ತು. ಕಂಪನಿಯ ಕಾಲದಿಂದಲೂ ಮದರಾಸು ಪ್ರಾಂತ್ಯದ ಯೂರೋಪಿಯನ್ನರ ಜ್ಞಾನಸ್ನಾನ, ಮದುವೆ, ಸಮಾಧಿಗಳ ಪ್ರತಿಗಳು ಲಂಡನ್ನಿಗೆ ಹೋಗುತ್ತಿದ್ದವು. ಅವು ಈಗ ಬ್ರಿಟಿಷ್ ಲೈಬ್ರರಿಯ ಸ್ವತ್ತು. 2014ರಿಂದ ಅವುಗಳ ಚಿತ್ರಗಳು 'ಫೈಂಡ್‌ಮೈಪಾಸ್ಟ್' ಎಂಬ ವೆಬ್‌ಸೈಟಿನಲ್ಲಿ ಹಣ ಕೊಟ್ಟವರಿಗೆ ಸಿಗುತ್ತಿವೆ. ಹಣವಿಲ್ಲದವರು 'ಫ್ಯಾಮಿಲಿಸರ್ಚ್' ನೋಡಬಹುದು. ಬ್ರಿಟಿಷ್ ಇಂಡಿಯಾದ ಕುಟುಂಬಗಳಿಗಾಗಿಯೇ 1998ರಲ್ಲಿ ಹುಟ್ಟಿದ 'ಫಿಬಿಸ್' ಸಂಘದ ಸ್ವಯಂಸೇವಕರು ತಯಾರಿಸಿದ ಹೆಸರುಪಟ್ಟಿಯನ್ನೂ ಉಚಿತವಾಗಿ ನೋಡಬಹುದು. ಮದರಾಸಿನ ಅಸೈಲಂ ಪ್ರೆಸ್ ಪ್ರಕಟಿಸುತ್ತಿದ್ದ ವಾರ್ಷಿಕ ಆಲ್ಮನಾಕ್‌ನಲ್ಲಿ ಯಾರು ಯಾವ ಊರಿನಲ್ಲಿ ಯಾವ ಕೆಲಸದಲ್ಲಿದ್ದರೆಂಬ ವಿವರ ಇರುತ್ತಿತ್ತು. ಸಮಾಧಿಕಲ್ಲುಗಳ ಬರಹಗಳನ್ನು ಜೆ. ಜೆ. ಕಾಟನ್ ಎಂಬ ಅಧಿಕಾರಿ ಜಿಲ್ಲೆವಾರು ಸಂಗ್ರಹಿಸಿ 1905ರಲ್ಲೇ ಅಚ್ಚು ಹಾಕಿಸಿದರು.

ನಮ್ಮ ಕ್ಯಾಥೋಲಿಕ್ ಕುಟುಂಬಗಳು ಒಂದು ವಿಷಯ ತಿಳಿದಿರಬೇಕು. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆಯ ನಂತರ ನಮ್ಮ ಗುರುಗಳು ನಡೆಸಿದ ಮದುವೆಗಳ ವರದಿಯೂ ಸರಕಾರಕ್ಕೆ ಹೋಗಬೇಕಾಯಿತು. ಜ್ಞಾನಸ್ನಾನಗಳ ವಿಷಯ ಹಾಗಲ್ಲ. ಅವುಗಳಲ್ಲಿ ಎಷ್ಟೋ ಲಂಡನ್ನನ್ನು ತಲುಪಲೇ ಇಲ್ಲ. ಅವು ಇರುವುದಾದರೆ ದೇವಾಲಯದ ಪುಸ್ತಕದಲ್ಲಿ ಮಾತ್ರ.

ಪರ್ತ್ ಅಜ್ಜಿಗೆ ಸಿಕ್ಕಿದ್ದು 1877ರ ಒಂದು ಮದುವೆಯ ದಾಖಲೆ. ವರನಿಗೆ ನಲವತ್ತು ದಾಟಿದೆ. ಸೈನ್ಯದಿಂದ ಪಿಂಚಣಿ ಪಡೆದು ರೈಲ್ವೆ ಸೇರಿದವನು. ಆದವಾನಿಯ ಮೇಲೆ ಹಾದುಹೋಗುವ ಮದರಾಸು-ಮುಂಬಯಿ ರೈಲುದಾರಿ ರಾಯಚೂರಿನಲ್ಲಿ ಕೂಡಿಕೊಂಡದ್ದು 1871ರಲ್ಲಿ. ಹೊಸ ದಾರಿಗೆ ಜನ ಬೇಕಾಗಿತ್ತು. ಶಿಸ್ತು ಕಲಿತ ಹಳೇ ಸಿಪಾಯಿಗಳಿಗೆ ಅಲ್ಲಿ ಸುಲಭವಾಗಿ ಕೆಲಸ ಸಿಗುತ್ತಿತ್ತು.

ಸಮುದ್ರದಾಚೆ

'ಸಿಪಾಯಿ' ಎಂಬ ಒಂದು ಪದ ಮುಂದಿನ ಬಾಗಿಲು ತೆರೆಯಿತು. ಪಿಂಚಣಿ ಪಡೆದ ಬ್ರಿಟಿಷ್ ಸೈನಿಕರ ಬಿಡುಗಡೆ ಕಾಗದಗಳು ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಅವೂ ಈಗ ಅಂತರ್ಜಾಲದಲ್ಲಿವೆ. ಸೈನಿಕ ಹುಟ್ಟಿದ ಧರ್ಮಕೇಂದ್ರದ ಹೆಸರೂ ಅವುಗಳಲ್ಲಿರುತ್ತದೆ. ಹತ್ತೊಂಬತ್ತನೇ ಶತಮಾನದ ಮೊದಲರ್ಧದಲ್ಲಿ ಕಂಪನಿಯ ಯೂರೋಪಿಯನ್ ಪಡೆಗಳಿಗೆ ಸೇರಿದವರಲ್ಲಿ ಸುಮಾರು ಅರ್ಧದಷ್ಟು ಜನ ಐರಿಶ್ ಹುಡುಗರೇ. ಮದರಾಸಿನ ಯೂರೋಪಿಯನ್ ಫ್ಯೂಸಿಲಿಯರ್ಸ್ ಪಡೆಯೇ 1881ರಲ್ಲಿ 'ರಾಯಲ್ ಡಬ್ಲಿನ್ ಫ್ಯೂಸಿಲಿಯರ್ಸ್' ಆಯಿತು.

ಪೂರ್ವಜ ಇಂಗ್ಲೆಂಡಿನವನಾಗಿದ್ದರೆ ದಾರಿ ಸಲೀಸು. ಅಲ್ಲಿ 1837ರ ಜುಲೈ 1ರಿಂದ ಜನನ, ಮದುವೆ, ಮರಣಗಳ ಸರಕಾರಿ ನೋಂದಣಿ ಇದೆ. 1841ರಿಂದ ಪ್ರತಿ ಹತ್ತು ವರ್ಷಕ್ಕೊಮ್ಮೆ ಮನೆಮನೆಯ ಹೆಸರುಗಳುಳ್ಳ ಜನಗಣತಿ ಇದೆ, 1921ರವರೆಗಿನದು ಬಹಿರಂಗವಾಗಿದೆ. 'ಫ್ರೀಬಿಎಂಡಿ' ವೆಬ್‌ಸೈಟಿನಲ್ಲಿ ನೋಂದಣಿಯ ಸೂಚಿಯನ್ನು ಬಿಟ್ಟಿಯಾಗಿ ನೋಡಬಹುದು.

ಐರ್ಲೆಂಡಿನ ಕಥೆ ಬೇರೆ. ಅಲ್ಲಿ ಕ್ಯಾಥೋಲಿಕರ ಜನನ ನೋಂದಣಿ, ಮದುವೆ ನೋಂದಣಿ ಶುರುವಾದದ್ದೇ 1864ರಲ್ಲಿ. ಅದಕ್ಕೆ ಮೊದಲಿನ ಜನಗಣತಿ ಪುಸ್ತಕಗಳಲ್ಲಿ ಬಹುಪಾಲು ಉಳಿದಿಲ್ಲ. ಕಾರಣ ಕೇಳಿದರೆ ಮನಸ್ಸು ಮರುಗುತ್ತದೆ. ದೇಶದ ಹಳೆಯ ದಾಖಲೆಗಳನ್ನೆಲ್ಲ ಡಬ್ಲಿನ್ನಿನ 'ಫೋರ್ ಕೋರ್ಟ್ಸ್' ಕಟ್ಟಡದ ಸಾರ್ವಜನಿಕ ಪತ್ರಾಗಾರದಲ್ಲಿ ಸುರಕ್ಷಿತವಾಗಿರಲೆಂದು ತಂದಿಟ್ಟಿದ್ದರು. 1922ರ ಜೂನ್ 30ರಂದು, ಅಂತರ್ಯುದ್ಧದ ಸ್ಫೋಟದಲ್ಲಿ ಅದು ಹೊತ್ತಿ ಉರಿಯಿತು. ಶತಮಾನಗಳ ಕಾಗದ ಕೆಲವೇ ಗಂಟೆಗಳಲ್ಲಿ ಬೂದಿಯಾಯಿತು. ಚರ್ಚ್ ಆಫ್ ಐರ್ಲೆಂಡಿನ ಹಳೆಯ ಪುಸ್ತಕಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲೇ ಸುಟ್ಟುಹೋದವು.

ಕ್ಯಾಥೋಲಿಕ್ ಪುಸ್ತಕಗಳು ಉಳಿದವು. ಯಾಕೆಂದರೆ ಅವು ಡಬ್ಲಿನ್ನಿಗೆ ಹೋಗಿರಲೇ ಇಲ್ಲ. ಬಡ ಹಳ್ಳಿಗಳ ಗುರುಮನೆಗಳಲ್ಲಿ, ಕಪಾಟಿನ ಮೂಲೆಗಳಲ್ಲಿ ಧೂಳು ತಿನ್ನುತ್ತ ಕೂತಿದ್ದವು. ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯವು ಆ ಪುಸ್ತಕಗಳ ಮೈಕ್ರೋಫಿಲಂ ಚಿತ್ರಗಳನ್ನು 2015ರಲ್ಲಿ ಅಂತರ್ಜಾಲಕ್ಕೆ ಹಾಕಿತು. ಸುಮಾರು 1880ರವರೆಗಿನ ಪುಟಗಳನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದು. 1901 ಮತ್ತು 1911ರ ಜನಗಣತಿಯೂ ಹಾಗೆಯೇ ಉಚಿತ.

ಅಜ್ಜಿ ಮತ್ತೆ ಬರೆದರು: "ಕಾರ್ಕ್ ಸೀಮೆಯ ಪುಸ್ತಕ ನೋಡಿದೆ ಫಾದರ್. ಅದೇ ವರ್ಷ, ಅದೇ ತಂದೆಯ ಹೆಸರು. ಆದರೆ ಮಗುವಿನ ಹೆಸರು ಯಾಕೋಬುಸ್ ಅಂತಿದೆ. ನಮ್ಮವರು ಜೇಮ್ಸ್." ಸೆಮಿನರಿಯಲ್ಲಿ ಕಲಿತ ಅಲ್ಪಸ್ವಲ್ಪ ಲತೀನು ಅಂದು ಕೆಲಸಕ್ಕೆ ಬಂತು. ಯಾಕೋಬುಸ್ ಎಂದರೆ ಜೇಮ್ಸ್. ಗುಲಿಯೆಲ್ಮುಸ್ ಎಂದರೆ ವಿಲಿಯಂ. ಕಾರೊಲುಸ್ ಎಂದರೆ ಚಾರ್ಲ್ಸ್. ಗುರುಗಳು ಪುಸ್ತಕದಲ್ಲಿ ಲತೀನು ಬರೆದರು, ತಾಯಿ ಮನೆಯಲ್ಲಿ ಜೇಮ್ಸ್ ಎಂದು ಕರೆದಳು. ನಮ್ಮ ಹಳೆಯ ಪುಸ್ತಕಗಳಲ್ಲೂ ಇದನ್ನು ಕಾಣಬಹುದು.

ಖಾಲಿ ಬಿಟ್ಟ ಜಾಗ

ಇಲ್ಲಿಗೆ ಕಥೆ ಸುಖವಾಗಿ ಮುಗಿಯಬಹುದಿತ್ತು. ಆದರೆ ಅಜ್ಜಿ ಆ ಮದುವೆಯ ದಾಖಲೆಯ ಚಿತ್ರವನ್ನೂ ಕಳಿಸಿದ್ದರು. ವರನ ಹೆಸರು, ಮನೆತನ, ವಯಸ್ಸು, ಕೆಲಸ, ತಂದೆಯ ಹೆಸರು ಎಲ್ಲವೂ ಅಂದವಾದ ಅಕ್ಷರಗಳಲ್ಲಿದ್ದವು. ವಧುವಿನ ಹೆಸರಿನ ಕೆಳಗೆ ಒಂದೇ ಪದ: 'ಮೇರಿ.' ತಂದೆಯ ಹೆಸರಿನ ಜಾಗ ಖಾಲಿ. ಸಹಿಯ ಜಾಗದಲ್ಲಿ ಒಂದು ಶಿಲುಬೆ ಗುರುತು.

"ಫಾದರ್, ಅವರ ಊರು ಯಾವುದು? ಅವರನ್ನು ಮನೆಯಲ್ಲಿ ಏನೆಂದು ಕರೆಯುತ್ತಿದ್ದರು? ನನಗೆ ಐರ್ಲೆಂಡಿನಲ್ಲಿ ಏಳು ತಲೆಮಾರು ಸಿಕ್ಕಿತು. ಆದವಾನಿಯಲ್ಲಿ ಒಂದೂ ಇಲ್ಲ."

ನಾನು ಬಹಳ ಹೊತ್ತು ಆ ಪುಟವನ್ನೇ ನೋಡುತ್ತಿದ್ದೆ. 1877. ಅದು ದೊಡ್ಡ ಬರಗಾಲದ ವರ್ಷ. 1876ರಿಂದ 1878ರವರೆಗೆ ಮದರಾಸು ಪ್ರಾಂತ್ಯವನ್ನು ಸುಟ್ಟ ಆ ಬರ ಬಳ್ಳಾರಿ, ಕರ್ನೂಲು ಜಿಲ್ಲೆಗಳನ್ನು ಬಹಳವಾಗಿ ಬಾಧಿಸಿತು. 1871ರ ಜನಗಣತಿಗೂ 1881ರದಕ್ಕೂ ನಡುವೆ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ ಲಕ್ಷಕ್ಕೂ ಮಿಕ್ಕಿ ಕುಸಿಯಿತು. ಮಕ್ಕಳನ್ನು ಅನಾಥಾಲಯದ ಬಾಗಿಲಲ್ಲಿ ಬಿಟ್ಟುಹೋದ ಕಾಲವದು. ವರನಾದರೂ ಯಾರು? ಹತ್ತು ವರ್ಷದ ಹುಡುಗನಾಗಿದ್ದಾಗ ಐರ್ಲೆಂಡಿನ ಆಲೂಗಡ್ಡೆ ಬರವನ್ನು ಕಂಡವನು. ಆ ಬರದಲ್ಲಿ ಹತ್ತು ಲಕ್ಷದಷ್ಟು ಜನ ಸತ್ತರು, ಸುಮಾರು ಅಷ್ಟೇ ಜನ ದೇಶ ಬಿಟ್ಟರು. ಒಂದು ಬರದಿಂದ ಬದುಕುಳಿದವನು ಇನ್ನೊಂದು ಬರದ ನಡುವೆ ಮದುವೆಯಾದ. ಮೇರಿ ಆ ಬರದ ಅನಾಥೆಯೋ, ಕೋಸಗಿಯ ರೈತನ ಮಗಳೋ, ಬಳ್ಳಾರಿ ದಂಡಿನ ಯಾರದೋ ತಂಗಿಯೋ? ಊಹಿಸಬಹುದು, ಊಹೆ ದಾಖಲೆಯಲ್ಲ. ಅಜ್ಜಿಗೂ ಹಾಗೆಯೇ ಬರೆದೆ.

ಪತ್ತಿಕೊಂಡದಲ್ಲಿ 1827ರ ಜುಲೈ 6ರಂದು ಕಾಲರಾದಿಂದ ತೀರಿಕೊಂಡ ಗವರ್ನರ್ ಥಾಮಸ್ ಮನ್ರೋ ಅವರನ್ನು ಗುತ್ತಿಯಲ್ಲಿ ಸಮಾಧಿ ಮಾಡಿದರು. 1831ರಲ್ಲಿ ಅವಶೇಷಗಳನ್ನು ಮದರಾಸಿನ ಕೋಟೆಯ ಸಂತ ಮೇರಿ ದೇವಾಲಯಕ್ಕೆ ಒಯ್ದರು. ದೊಡ್ಡವರ ಮರಣಕ್ಕೆ ದಿನಾಂಕವಿದೆ, ಎರಡು ಊರುಗಳಲ್ಲಿ ಗುರುತಿದೆ. ಮೇರಿಗೆ ಇರುವುದು ಒಂದು ಶಿಲುಬೆ ಗುರುತು.

ನಮ್ಮ ಸಂವಿಧಾನವೂ ಆಂಗ್ಲೋ-ಇಂಡಿಯನ್ ಯಾರೆಂದು ಹೇಳುವಾಗ ತಂದೆಯ ಕಡೆಯ ಯೂರೋಪಿಯನ್ ವಂಶವನ್ನೇ ನೋಡುತ್ತದೆ. ತಾಯಿಯ ಕಡೆ ಯಾರೂ ಕೇಳಲಿಲ್ಲ, ಆದ್ದರಿಂದ ಯಾರೂ ಬರೆಯಲಿಲ್ಲ. ಸಂತ ಮತ್ತಾಯನು ಪ್ರಭುವಿನ ವಂಶಾವಳಿ ಬರೆಯುವಾಗ ಮರಿಯಮ್ಮನವರಿಗೂ ಮುಂಚೆ ನಾಲ್ವರು ಸ್ತ್ರೀಯರನ್ನು ನೆನೆಯುತ್ತಾನೆ: ತಾಮಾರ, ರಹಾಬ, ರೂತ್, ಮತ್ತು ನಾಲ್ಕನೆಯವಳು 'ಊರೀಯನ ಹೆಂಡತಿ.' ಅಲ್ಲಿ ಅವಳ ಹೆಸರನ್ನು ಹೇಳಿಲ್ಲ. ಆದರೆ ಅವಳ ಜಾಗವನ್ನು ಬಿಟ್ಟೂ ಇಲ್ಲ.

ನಮ್ಮ ಪಾಲಿನ ಕೆಲಸ

ಇದನ್ನು ಓದಿ ಕೆಲವರಿಗೆ ಆಸೆ ಹುಟ್ಟಬಹುದು. ಅಜ್ಜ ಅಥವಾ ಅಜ್ಜಿ ಐರ್ಲೆಂಡಿನಲ್ಲೇ ಹುಟ್ಟಿದ್ದರೆ ಆ ದೇಶದ ಪೌರತ್ವ ಕೇಳುವ ದಾರಿ ನಿಜಕ್ಕೂ ಇದೆ. ಮುತ್ತಜ್ಜ ಒಬ್ಬರೇ ಇದ್ದರೆ ಸಾಮಾನ್ಯವಾಗಿ ಸಾಲದು. ಭಾರತದ ಪೌರತ್ವ ಇಟ್ಟುಕೊಂಡು ಇನ್ನೊಂದನ್ನು ಪಡೆಯಲು ನಮ್ಮ ಕಾನೂನು ಬಿಡುವುದಿಲ್ಲ. 'ನಿಮ್ಮ ಪೂರ್ವಜರ ಆಸ್ತಿ ಲಂಡನ್ನಿನಲ್ಲಿದೆ, ಮೊದಲು ಇಷ್ಟು ಹಣ ಕಳಿಸಿ' ಎಂದು ಯಾರಾದರೂ ಬರೆದರೆ ಅದು ಮೋಸ; ನಂಬಬೇಡಿ.

ಪೂರ್ವಜರು ಕಾರ್ಕಿನವರಾಗಲಿ ಕೌತಾಳದವರಾಗಲಿ, ಎಲ್ಲರೂ ಮಾಡಬಹುದಾದ ಕೆಲಸ ಬೇರೆಯಿದೆ. ಈ ಭಾನುವಾರ ಊಟವಾದ ಮೇಲೆ ಮನೆಯ ಹಿರಿಯರ ಬಳಿ ಕೂತು ಅಜ್ಜಿಯ ಹೆಸರು, ಅವರ ತಾಯಿಯ ಹೆಸರು, ತವರೂರು ಕೇಳಿ ಬರೆದಿಡಿ. ಮನೆಯಲ್ಲಿ ಕರೆಯುತ್ತಿದ್ದ ಹೆಸರನ್ನೂ ಬರೆಯಿರಿ. ಹಳೆಯ ಫೋಟೋಗಳ ಹಿಂದೆ ಪೆನ್ಸಿಲಿನಲ್ಲಿ ಹೆಸರು, ವರ್ಷ ಹಾಕಿರಿ. ಜ್ಞಾನಸ್ನಾನಕ್ಕೆ ಮಗುವನ್ನು ತರುವಾಗ ತಾಯಿಯ ಪೂರ್ಣ ಹೆಸರನ್ನು ಸರಿಯಾಗಿ ಹೇಳಿ, ಪುಸ್ತಕದಲ್ಲಿ ಬರೆದದ್ದನ್ನು ಒಮ್ಮೆ ಓದಿ ನೋಡಿ.

ನನ್ನ ಸಹೋದರ ಗುರುಗಳಲ್ಲೂ ಒಂದು ಬಿನ್ನಹ. ಹಳೆಯ ಪುಸ್ತಕಗಳನ್ನು ಜಾಗ್ರತೆಯಿಂದ ಕಾಯುವುದು ಧರ್ಮಸಭೆಯ ಕಾನೂನಿನ 535ನೇ ನಿಯಮವು ನಮಗೆ ಒಪ್ಪಿಸಿರುವ ಹೊಣೆ. ಹರಿದ ಪುಟಕ್ಕೆ ಸೆಲೋಟೇಪ್ ಅಂಟಿಸಬೇಡಿ. ಗೆದ್ದಲು, ತೇವ ಮುಟ್ಟದ ಕಡೆ ಇಡಿ. ಒಂದು ಬೆಳಗ್ಗೆ ಕಿಟಕಿಯ ಬೆಳಕಿನಲ್ಲಿ, ಫ್ಲಾಶ್ ಹಾಕದೆ, ಪುಟಪುಟದ ಚಿತ್ರ ತೆಗೆದು ಒಂದು ಪ್ರತಿಯನ್ನು ಧರ್ಮಾಧ್ಯಕ್ಷರ ನಿವಾಸದಲ್ಲಿ ಇರಿಸಿ. ಬದುಕಿರುವವರ ವಿವರಗಳನ್ನು ಅಪರಿಚಿತರಿಗೆ ಕೊಡಬೇಡಿ. ಪುಸ್ತಕ ಗುರುಮನೆಯ ಹೊಸ್ತಿಲು ದಾಟದಿರಲಿ. ಎಲ್ಲವೂ ಒಂದೇ ಕಡೆ ಇದ್ದರೆ ಏನಾಗುತ್ತದೆಂದು ಡಬ್ಲಿನ್ ನಮಗೆ ಕಲಿಸಿದೆ.

ಪರ್ತ್ ಅಜ್ಜಿಯ ಕೊನೆಯ ಪತ್ರದಲ್ಲಿ ಒಂದೇ ಕೋರಿಕೆಯಿತ್ತು: ಸಕಲ ಮೃತರ ಸ್ಮರಣೆಯ ದಿನ ಅವರಿಬ್ಬರಿಗಾಗಿ ಒಂದು ಬಲಿಪೂಜೆ. ನವೆಂಬರ್ 2ರಂದು ಹೆಸರುಗಳ ಪಟ್ಟಿ ಓದುವಾಗ ಜೇಮ್ಸ್ ಎಂದು ಅವರ ಮನೆತನದ ಹೆಸರಿನೊಡನೆ ಓದಿದೆ. ಆಮೇಲೆ 'ಮೇರಿ, ಆದವಾನಿ' ಎಂದೆ. ಮುಂದಿನ ಬೆಂಚಿನಲ್ಲಿ ಕೂತಿದ್ದ ನಮ್ಮೂರ ಅಜ್ಜಿಯೊಬ್ಬರು ಪೂಜೆ ಮುಗಿದ ಮೇಲೆ ಬಂದು ಕೇಳಿದರು: "ಸ್ವಾಮೇರಾ, ಆ ಮೇರಿ ಯಾರ ಮಗಳು?"

"ಗೊತ್ತಿಲ್ಲಮ್ಮ" ಎಂದೆ. "ನಮ್ಮ ಕಡೆಯವಳು."