ಗಂಟೆಗೆ ನಾಲ್ಕು ಮೈಲಿಯ ಸಂಸಾರ

ಸಂಜೆ ಹೊತ್ತು ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿ ಗೊಟ್ಟಿಗೆರೆ ದಾಟಿದವರಿಗೆ ಗಂಟೆಗೆ ನಾಲ್ಕು ಮೈಲಿಯ ವೇಗ ಹೊಸದೇನಲ್ಲ. ಇಂಗ್ಲೆಂಡಿನಲ್ಲಿ ಅದೇ ವೇಗವನ್ನು ಬೇಕೆಂದೇ ಆರಿಸಿಕೊಂಡು, ಇದ್ದ ಮನೆ ಮಾರಿ ದೋಣಿಯಲ್ಲೇ ಸಂಸಾರ ಹೂಡುವ ದಂಪತಿಗಳಿದ್ದಾರೆ. ಆ ದೋಣಿಗೆ ನ್ಯಾರೋಬೋಟ್ ಎಂದು ಹೆಸರು. ಅದರ ದಾರಿ, ಒಂದು ಕಾಲದಲ್ಲಿ ಸರಕು ಸಾಗಿಸುತ್ತಿದ್ದ ಕಾಲುವೆಗಳು.

ಮ್ಯಾಂಚೆಸ್ಟರಿಗೆ ಕಲ್ಲಿದ್ದಲು ತರಲು 1761ರಲ್ಲಿ ಬ್ರಿಡ್ಜ್‌ವಾಟರ್ ಕಾಲುವೆ ತೆರೆದ ಮೇಲೆ ದೇಶದ ತುಂಬ ಕಾಲುವೆಗಳು ಹಬ್ಬಿದವು. ದಡದಲ್ಲಿ ಕುದುರೆ ನಡೆದು ದೋಣಿ ಎಳೆಯುತ್ತಿತ್ತು. ರೈಲು ಬಂದು ಬಾಡಿಗೆ ಇಳಿದಾಗ, ಕೂಲಿ ಉಳಿಸಲು ದೋಣಿಗಾರರು ಹೆಂಡತಿ ಮಕ್ಕಳನ್ನೇ ದೋಣಿಗೆ ಹತ್ತಿಸಿಕೊಂಡರು. ಹತ್ತಡಿ ಉದ್ದದ ಕೋಣೆಯಲ್ಲಿ ಇಡೀ ಮನೆತನದ ಊಟ, ನಿದ್ದೆ, ಬಾಣಂತನ. ಇಂದಿನವರು ಸುಖಕ್ಕೆಂದು ಮಾಡುವುದನ್ನು ಅವರು ಗತಿಯಿಲ್ಲದೆ ಮಾಡಿದರು.

ಹಳೆಯ ಕಿರಿದಾದ ಕಾಲುವೆಗಳಲ್ಲಿ ಲಾಕ್‌ಗಳ, ಅಂದರೆ ದೋಣಿಯನ್ನು ಏರಿಸಿ ಇಳಿಸುವ ತೊಟ್ಟಿಗಳ, ಅಗಲ ಏಳಡಿ. ಹೀಗಾಗಿ ಇಂದಿಗೂ ದೋಣಿಯ ಅಗಲ ಆರಡಿ ಹತ್ತಿಂಚು ಮೀರುವಂತಿಲ್ಲ. ಉದ್ದ ಮಾತ್ರ ಎಪ್ಪತ್ತಡಿಯವರೆಗೆ ಹೋಗಬಹುದು. ಒಳಗೆ ಮಂಚ, ಸ್ನಾನದ ಮನೆ, ಅಡುಗೆ ಮನೆ ಸಾಲಾಗಿ ಒಂದರ ಹಿಂದೊಂದು. ಚಳಿಗೆ ಕಲ್ಲಿದ್ದಲಿನ ಒಲೆ, ಓಡಿಸಲು ಡೀಸೆಲ್ ಎಂಜಿನ್. ಕುಡಿಯುವ ನೀರನ್ನು ದಡದ ನಲ್ಲಿಯಿಂದ ಪೈಪು ಹಾಕಿ ತುಂಬಿಕೊಳ್ಳಬೇಕು. ಶೌಚದ ಡಬ್ಬಿಯನ್ನು ಗೊತ್ತುಪಡಿಸಿದ ಜಾಗಕ್ಕೆ ಹೊತ್ತೊಯ್ದು ಖಾಲಿ ಮಾಡಬೇಕು. ದೋಣಿಯನ್ನು ತಳ್ಳುವ ಪಂಖಕ್ಕೆ ಪ್ಲಾಸ್ಟಿಕ್ಕೋ ಬಟ್ಟೆಯೋ ಸುತ್ತಿಕೊಂಡರೆ ಎಂಜಿನ್ ನಿಲ್ಲಿಸಿ, ಹಿಂಬದಿಯ ಮುಚ್ಚಳ ತೆಗೆದು, ತಣ್ಣೀರಿಗೆ ಕೈಯಿಳಿಸಿ ಬಿಡಿಸಬೇಕು.

ಈ ಬದುಕಿಗೆ ಜೋಡಿ ಏಕೆ ಬೇಕೆಂಬುದು ಲಾಕ್‌ನಲ್ಲಿ ತಿಳಿಯುತ್ತದೆ. ಮೇಲಿನ ನೀರಿಗೂ ಕೆಳಗಿನ ನೀರಿಗೂ ನಡುವೆ ಒಂದು ತೊಟ್ಟಿ, ಎರಡು ತುದಿಗೂ ಭಾರಿ ಬಾಗಿಲು. ಚುಕ್ಕಾಣಿ ಹಿಡಿದವರು ದೋಣಿಯನ್ನು ತೊಟ್ಟಿಯೊಳಗೆ ತಂದು ನಿಲ್ಲಿಸುತ್ತಾರೆ. ದಡಕ್ಕಿಳಿದವರು ಕೆಳಬಾಗಿಲು ಮುಚ್ಚಿ, ಮೇಲಿನ ತೂಬಿನ ಹಲ್ಲುಚಕ್ರಕ್ಕೆ ಕಬ್ಬಿಣದ ಹಿಡಿ ಸಿಕ್ಕಿಸಿ ತಿರುಗಿಸುತ್ತಾರೆ. ಕಟಕಟ ಸದ್ದಿನೊಡನೆ ತೂಬು ಏಳುತ್ತದೆ, ನೀರು ನುಗ್ಗುತ್ತದೆ, ದೋಣಿ ಮೇಲೇರುತ್ತದೆ. ಎರಡೂ ಕಡೆ ನೀರು ಸಮವಾಗುವ ತನಕ ಬಾಗಿಲು ಜಪ್ಪಯ್ಯ ಎಂದರೂ ಅಲುಗದು. ಸಮವಾದ ಮೇಲೆ ಅದರ ಉದ್ದನೆಯ ತೊಲೆಗೆ ಬೆನ್ನು ಕೊಟ್ಟು ತಳ್ಳಿದರೆ ಒಬ್ಬರ ಬಲವೇ ಸಾಕು. ಇಳಿಯುವಾಗ ಇನ್ನೂ ಎಚ್ಚರ ಬೇಕು. ಮೇಲ್ಬಾಗಿಲಿನ ಬುಡದಲ್ಲಿ ನೀರೊಳಗೆ ಒಂದು ಹೊಸ್ತಿಲಿದೆ. ದೋಣಿಯ ಹಿಂಭಾಗ ಅದರ ಮೇಲೆ ಕೂತುಬಿಟ್ಟರೆ, ನೀರಿಳಿದಂತೆ ಮುಂಭಾಗ ವಾಲಿ ದೋಣಿಯೇ ಮುಳುಗುತ್ತದೆ. ಡಿವೈಜಸ್ ಊರಿನ ಕೇನ್ ಹಿಲ್‌ನಲ್ಲಿ ಎರಡು ಮೈಲಿಯೊಳಗೆ ಇಂಥ 29 ಲಾಕ್‌ಗಳಿವೆ.

ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 2,000 ಮೈಲಿ ಜಲಮಾರ್ಗವನ್ನು 2012ರಿಂದ ಕೆನಾಲ್ ಅಂಡ್ ರಿವರ್ ಟ್ರಸ್ಟ್ ನೋಡಿಕೊಳ್ಳುತ್ತಿದೆ. ದೋಣಿಗೆ ಲೈಸೆನ್ಸ್, ವಿಮೆ, ನಾಲ್ಕು ವರ್ಷಕ್ಕೊಮ್ಮೆ ಸುರಕ್ಷತಾ ಪರೀಕ್ಷೆ ಕಡ್ಡಾಯ. ಕಾಯಂ ತಂಗುದಾಣವಿಲ್ಲದವರು, 1995ರ ಕಾಯ್ದೆಯಂತೆ, ಸಾಮಾನ್ಯವಾಗಿ ಒಂದೆಡೆ 14 ದಿನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ.

ಈ ಕಾಲುವೆಗಳು ಉಳಿದದ್ದೂ ಒಂದು ಜೋಡಿಯ ದೆಸೆಯಿಂದ ಎನ್ನಬಹುದು. 1939ರಲ್ಲಿ ಎಂಜಿನಿಯರ್ ಎಲ್.ಟಿ.ಸಿ. ರೋಲ್ಟ್, ಹೊಸದಾಗಿ ಕೈಹಿಡಿದ ಏಂಜೆಲಾ ಜೊತೆ ‘ಕ್ರೆಸಿ’ ಎಂಬ ದೋಣಿಯಲ್ಲಿ ಬ್ಯಾನ್‌ಬರಿಯಿಂದ ಹೊರಟರು. ಆ ಪ್ರಯಾಣದ ಕಥನ ‘ನ್ಯಾರೋ ಬೋಟ್’ 1944ರಲ್ಲಿ ಬಂತು. ಅದನ್ನು ಓದಿದ ರಾಬರ್ಟ್ ಐಕ್‌ಮನ್ ರೋಲ್ಟರನ್ನು ಹುಡುಕಿಕೊಂಡು ಬಂದರು. 1946ರಲ್ಲಿ ಕಾಲುವೆ ಉಳಿಸುವ ಸಂಘ ಹುಟ್ಟಿತು. ಕಾಲುವೆ ಉಳಿಯಿತು, ದಾಂಪತ್ಯ ಉಳಿಯಲಿಲ್ಲ: 1951ರಲ್ಲಿ ಏಂಜೆಲಾ ದೋಣಿ ಬಿಟ್ಟು ಸರ್ಕಸ್ ಸೇರಿದರು. ನಟ ದಂಪತಿ ಟಿಮೊಥಿ ವೆಸ್ಟ್ ಮತ್ತು ಪ್ರುನೆಲಾ ಸ್ಕೇಲ್ಸ್ ಅವರದು ಬೇರೆಯೇ ಕಥೆ. ದಶಕಗಳಿಂದ ದೋಣಿ ನಡೆಸುತ್ತಿದ್ದ ಇವರು 2014ರಿಂದ ಟಿ.ವಿ. ಸರಣಿಯೊಂದರಲ್ಲಿ ಕಾಲುವೆಗಳನ್ನು ಸುತ್ತಿದರು. ಪ್ರುನೆಲಾರ ಮರೆವಿನ ಕಾಯಿಲೆಯನ್ನು ಅದರಲ್ಲಿ ಮುಚ್ಚಿಡಲಿಲ್ಲ. ಟಿಮೊಥಿ 2024ರಲ್ಲಿ, ಪ್ರುನೆಲಾ 2025ರಲ್ಲಿ ತೀರಿಕೊಂಡರು.

ನಮ್ಮಲ್ಲೇಕೆ ಇದಿಲ್ಲ? ದೋಣಿಯ ಕೊರತೆಯಿಂದಲ್ಲ, ನೀರು ತುಂಡುತುಂಡಾಗಿರುವುದರಿಂದ. ಹಿನ್ನೀರಿನಲ್ಲಿ ಹೆಂಡತಿ ಹುಟ್ಟು ಹಾಕಿ ಗಂಡ ಬಲೆ ಬಿಡುವ ಹರಿಗೋಲಿನ ಜೋಡಿಗಳು ನಮ್ಮಲ್ಲೂ ಉಂಟು. ಆದರೆ ಕನ್ನಂಬಾಡಿಯಲ್ಲಾಗಲಿ ತುಂಗಭದ್ರೆಯಲ್ಲಾಗಲಿ ಕಟ್ಟೆ ದಾಟಿಸುವ ಲಾಕ್ ಇಲ್ಲ. ತುಂಗಭದ್ರೆಯ ನೀರಿನಿಂದಲೇ ಹರಿಯುವ ಕರ್ನೂಲು–ಕಡಪ ಕಾಲುವೆಯನ್ನು 1860ರ ದಶಕದಲ್ಲಿ ತೋಡಿದ್ದು ನೀರಾವರಿಗೂ ದೋಣಿ ಸಂಚಾರಕ್ಕೂ. ಉಳಿದದ್ದು ನೀರಾವರಿ ಮಾತ್ರ. 2016ರ ಕಾಯ್ದೆ 111 ರಾಷ್ಟ್ರೀಯ ಜಲಮಾರ್ಗಗಳನ್ನು ಹೆಸರಿಸಿತು, ಅವುಗಳಲ್ಲಿ ಕಾಳಿ, ಶರಾವತಿ, ನೇತ್ರಾವತಿಯೂ ಇವೆ. ಗೊಟ್ಟಿಗೆರೆ ಕೆರೆಯ ಕೋಡಿ ನೀರು ಹುಳಿಮಾವಿನತ್ತ ಹೋಗುವುದಂತೂ ಮಳೆನೀರಿನ ರಾಜಕಾಲುವೆಯಲ್ಲಿ. ಅಲ್ಲಿ ದೋಣಿಯ ಮಾತೇ ಇಲ್ಲ.

ಆಸೆಯಾದರೆ ಇಂಗ್ಲೆಂಡಿಗೆ ಹೋದಾಗ ವಾರದ ಮಟ್ಟಿಗೆ ಬಾಡಿಗೆ ದೋಣಿ ಹಿಡಿಯಬಹುದು. ಡ್ರೈವಿಂಗ್ ಲೈಸೆನ್ಸ್ ಬೇಡ, ದೋಣಿ ಕೊಡುವವರೇ ಪಾಠ ಹೇಳಿಕೊಡುತ್ತಾರೆ. ಚುಕ್ಕಾಣಿ ಯಾರಿಗೆ, ತೂಬಿನ ಹಿಡಿ ಯಾರಿಗೆ ಎಂಬುದನ್ನು ಮಾತ್ರ ಗಂಡ ಹೆಂಡತಿ ಮೊದಲ ಲಾಕ್‌ಗೆ ಮುಂಚೆಯೇ ಇತ್ಯರ್ಥ ಮಾಡಿಕೊಳ್ಳುವುದು ಕ್ಷೇಮ.